ಕೊನೆಯ ಸ್ಟ್ಯಾಂಡು

ಭಾನುವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಸಿದ್ಧಾರೂಢನಿಗೆ ಹೊಳೆಯಿತು: ಗುರುವಾರದಿಂದ ತನ್ನನ್ನು ಕೊರೆಯುತ್ತಿದ್ದ ಮಾತು ಆರ್ಕೆಸ್ಟ್ರಾದ ಕಂಡಕ್ಟರಿನದಲ್ಲ, ತನ್ನದೇ. 'ನಿಮ್ಮ ಬೆಲೆ ನಮಗೆ ಗೊತ್ತು, ಅದಕ್ಕೇ ನಿಮಗೆ ನೇರವಾಗಿ ಹೇಳುತ್ತಿದ್ದೇನೆ' ಎಂದು ಆಕೆ ಇಂಗ್ಲಿಷಿನಲ್ಲಿ ಹೇಳಿದ್ದಳು. ಕೆಲವು ವಾರಗಳ ಹಿಂದೆ ಆಫೀಸಿನ ಗಾಜಿನ ಕೋಣೆಯಲ್ಲಿ ಕೂತು ಅರವಿಂದರಿಗೆ ಅವನು ಹೇಳಿದ್ದೂ ಅಕ್ಷರಶಃ ಅದನ್ನೇ, ಅದೇ ಇಂಗ್ಲಿಷಿನಲ್ಲಿ. ತಲೆಯನ್ನು ಒಂದಿಷ್ಟು ಓರೆ ಮಾಡಿದ್ದೂ ಹಾಗೆಯೇ ಇದ್ದಿರಬೇಕು. ಕನ್ನಡಿಯ ಮುಂದೆ ತಲೆಯನ್ನು ಓರೆ ಮಾಡಿ ನೋಡಿದ. ದವಡೆಯ ಕೆಳಗೆ ಬ್ಲೇಡು ತಾಗಿತು. ಎಡಗಡೆ, ವಿಯೋಲಾ ವಾದ್ಯ ಒತ್ತುವ ಜಾಗದಲ್ಲೇ. ಹತ್ತಿಯ ಚೂರು ಅಂಟಿಸಿಕೊಂಡು ನಿಂತವನಿಗೆ ಗುರುವಾರದ ರಿಹರ್ಸಲು ಮತ್ತೆ ಮೊದಲಿನಿಂದ ಶುರುವಾಯಿತು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸ್ಯಾನ್ ಮಟಿಯೋದ ಚರ್ಚೊಂದರ ಹಾಲಿನಲ್ಲಿ ವಾರಕ್ಕೊಮ್ಮೆ ಸೇರುವ ಆ ಆರ್ಕೆಸ್ಟ್ರಾದಲ್ಲಿ ಎಲ್ಲರೂ ಹವ್ಯಾಸಿಗಳೇ: ಹಲ್ಲಿನ ಡಾಕ್ಟರು, ಶಾಲೆಯ ಟೀಚರು, ರಿಟೈರಾದ ಜಡ್ಜು. ವಿಯೋಲಾದವರು ಐದು ಜನ. ಸ್ವರಗಳ ಹಾಳೆ ಇಡುವ ಸ್ಟ್ಯಾಂಡು ಇಬ್ಬರಿಗೊಂದು. ಹೀಗಾಗಿ ಕೊನೆಯ ಸ್ಟ್ಯಾಂಡಿನಲ್ಲಿ ಸಿದ್ಧಾರೂಢ ಒಬ್ಬನೇ. ಎಲ್ಲರೂ ಪೆಟ್ಟಿಗೆ ಮುಚ್ಚುತ್ತಿದ್ದಾಗ ಕಂಡಕ್ಟರ್ ಹತ್ತಿರ ಬಂದು, ಕನ್ಸರ್ಟೊದಲ್ಲಿ ಮುಂದೆ ಒಬ್ಬರೇ ನಿಂತು ನುಡಿಸುವವರ ದನಿ ಮೇಲೇಳಬೇಕಾದರೆ ಹಿಂದಿನವರ ಸದ್ದು ತೆಳುವಾಗಿರಬೇಕು, ಆದ್ದರಿಂದ ವಾಲ್ಟನ್ ಬರೆದ ಆ ಕೃತಿ ಮುಗಿಯುವವರೆಗೆ 'ಕೊನೆಯ ಸ್ಟ್ಯಾಂಡಿನವರು' ನುಡಿಸುವುದು ಬೇಡ ಎಂದಳು. ಎದ್ದು ಹೋಗುವುದೂ ಬೇಡ, ಖಾಲಿ ಕುರ್ಚಿ ಚೆನ್ನಾಗಿ ಕಾಣುವುದಿಲ್ಲ. ಕಮಾನನ್ನು ತಂತಿಗೆ ತಾಗಿಸದೆ ಉಳಿದವರ ಜೊತೆ ಆಡಿಸುತ್ತಿದ್ದರೆ ಸಾಕು. 'ಕೊನೆಯ ಸ್ಟ್ಯಾಂಡಿನವರು' ಎಂಬ ಬಹುವಚನ ಕೇಳಿ ಸಿದ್ಧಾರೂಢ ಪಕ್ಕಕ್ಕೆ ತಿರುಗಿದ. ಪಕ್ಕದ ಕುರ್ಚಿಯ ಮೇಲೆ ಅವನದೇ ಜಾಕೆಟ್ಟಿತ್ತು. ಖಂಡಿತ, ಎಂದು ಹೇಳಿದ. ಥ್ಯಾಂಕ್ಸ್ ಎಂದೂ ಹೇಳಿದ.

ಬೇರೆ ಯಾವುದಾದರೂ ಕೃತಿಯಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಮಗಳು ಶಿವಾನಿಯನ್ನು ವಯೊಲಿನ್ ಪಾಠಕ್ಕೆ ಕರೆದುಕೊಂಡು ಹೋಗಿ ಹೋಗಿ, ತಾನೂ ಕಲಿಯತೊಡಗಿ, ಅವಳು ಬಿಟ್ಟ ಮೇಲೂ ಇವನು ಬಿಡದಿದ್ದಾಗ, ಕೈ ದೊಡ್ಡದಿದೆಯಲ್ಲ ಎಂದು ಟೀಚರು ವಿಯೋಲಾ ಹಿಡಿಸಿದ್ದರು. ವಯೊಲಿನ್ನಿಗಿಂತ ಸ್ವಲ್ಪ ದೊಡ್ಡದು, ದನಿ ಅದಕ್ಕಿಂತ ತಗ್ಗಿನದು. ನೆಗಡಿಯಾದ ಗಂಡಸೊಬ್ಬ ಒಳಗಿನ ಕೋಣೆಯಿಂದ ಮಾತಾಡಿದ ಹಾಗೆ. ಆ ವಾದ್ಯದ ಮೇಲೆ ಜೋಕುಗಳಿದ್ದವು. ವಯೊಲಿನ್ನಿನವರು ಅವನ್ನು ಹೇಳುವಾಗ ಇವನೂ ನಗುತ್ತಿದ್ದ, ಒಮ್ಮೊಮ್ಮೆ ಜೋಕು ಮುಗಿಯುವ ಮೊದಲೇ. ಇಂಥದ್ದಕ್ಕಾಗಿ ಇಂಗ್ಲೆಂಡಿನವರು ಕಳೆದ ಶತಮಾನದುದ್ದಕ್ಕೂ ಒಂದಾದ ಮೇಲೊಂದು ಕನ್ಸರ್ಟೊ ಬರೆದಿದ್ದಾರೆ ಎಂಬುದು ಅವನಿಗೆ ತಿಳಿದದ್ದು ಫ್ರೀವೇಯಲ್ಲಿ ಟ್ರಾಫಿಕ್ಕು ನಿಂತಾಗ, ಕಾರಿನ ರೇಡಿಯೋದಿಂದ. ಬೋವೆನ್, ವಾಲ್ಟನ್, ರಬ್ರಾ. ಹಿಂದೆ ಕೂರುವ ವಾದ್ಯವನ್ನು ಮುಂದೆ ನಿಲ್ಲಿಸಿಯೇ ಸೈ ಎಂದು ಒಬ್ಬ ವಾದಕ ಹಟ ಹಿಡಿದು ಕಂಡಕಂಡವರಿಂದ ಬರೆಸಿದ್ದನಂತೆ. ಮುಂದೆ ನಿಂತರೂ ಅದಕ್ಕೆ ಮುಂದೆ ನಿಂತು ಅಭ್ಯಾಸವಿಲ್ಲದ್ದು ಪ್ರತಿಯೊಂದರಲ್ಲೂ ಕೇಳಿಸುತ್ತದೆ. ಯಾರೋ ಕರೆದರೆಂದು ಎದ್ದು ಬಂದು, ಕರೆದದ್ದು ತನ್ನನ್ನೇ ಹೌದೋ ಅಲ್ಲವೋ ಎಂದು ನಿಂತ ಹಾಗೆ. ವಾಲ್ಟನ್ ಬರೆದದ್ದನ್ನು ನೋಡಿ ಆ ಹಟದ ಮನುಷ್ಯ ಇದು ತೀರ ಹೊಸ ಕಾಲದ್ದು, ತನಗಲ್ಲ, ಎಂದು ಮರುಟಪಾಲಿನಲ್ಲಿ ವಾಪಸು ಕಳಿಸಿದ. ೧೯೨೯ರಲ್ಲಿ ಬೇರೊಬ್ಬ ನುಡಿಸಿದ. ಕಳಿಸಿದವನು ಆಮೇಲೆ ತಪ್ಪಾಯಿತೆಂದುಕೊಂಡು ತಾನೂ ನುಡಿಸಿದ. ಆಫೀಸಿನ ಊಟದ ಮೇಜಿನಲ್ಲಿ ಇದನ್ನೆಲ್ಲ ಕೊನೆಯವರೆಗೆ ಕೇಳುತ್ತಿದ್ದವರು ಅರವಿಂದ ಒಬ್ಬರೇ. ಬೆಂಗಳೂರಿನವರು, ಇವನಿಗಿಂತ ಐದಾರು ವರ್ಷ ದೊಡ್ಡವರು, ಇವನ ಕೈಕೆಳಗೆ ಇದ್ದವರು. ಮೊಸರನ್ನ ಕಲೆಸುತ್ತ ಅವರು ಕೇಳಿದ್ದರು, ಬೇರೆಯವನು ನುಡಿಸಿದಾಗ ವಾಪಸು ಕಳಿಸಿದವನು ಕೇಳಲಿಕ್ಕೆ ಹೋಗಿದ್ದನೇ ಎಂದು. ಸಿದ್ಧಾರೂಢನಿಗೆ ಗೊತ್ತಿರಲಿಲ್ಲ. ಹೋಗಿರಬೇಕು ಎಂದಿದ್ದ. ಹಾಗಾದರೆ ನೀವು ನುಡಿಸುವಾಗ ನಾವೂ ಬರುತ್ತೇವೆ, ಎರಡು ಟಿಕೆಟ್ಟು ಇಟ್ಟಿರಿ ಎಂದಿದ್ದರು ಅರವಿಂದ, ನಗದೆ.

ಅದಾದ ಮೇಲೆ ಡೈರೆಕ್ಟರು ಸಿದ್ಧಾರೂಢನನ್ನು ಕರೆದು, ನಿನ್ನ ಗುಂಪಿನಲ್ಲಿ ಒಬ್ಬರು ಕಡಿಮೆಯಾದರೆ ಕೆಲಸಕ್ಕೆ ತೊಂದರೆಯಾಗುತ್ತದೆಯೇ ಎಂದು ಕೇಳಿದ್ದು. ಚುಚ್ಚುಮದ್ದು ತಯಾರಿಸುವ ಆ ಸಣ್ಣ ಕಂಪನಿಯಲ್ಲಿ ಇಂಥ ಪ್ರಶ್ನೆ ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಯೋಚಿಸಿ ಹೇಳುತ್ತೇನೆ ಅನ್ನಬಹುದಿತ್ತು. ಡೈರೆಕ್ಟರೂ ಅದನ್ನೇ ನಿರೀಕ್ಷಿಸಿ ಕುರ್ಚಿಯಿಂದ ಅರ್ಧ ಎದ್ದಿದ್ದ. ಆದರೆ ಸಿದ್ಧಾರೂಢನ ಬಾಯಿಂದ ಅರವಿಂದರ ಹೆಸರು ಬಂದುಬಿಟ್ಟಿತು, ಸೀನು ಬಂದ ಹಾಗೆ. ಕಾರಣಗಳು ಆಮೇಲೆ ಬಂದವು, ಒಂದೊಂದಾಗಿ, ಶುಭ್ರವಾಗಿ ಸ್ನಾನ ಮಾಡಿಕೊಂಡು: ನಿಧಾನ, ಹೊಸ ಸಾಫ್ಟ್‌ವೇರಿಗೆ ಒಗ್ಗಿಕೊಂಡಿಲ್ಲ, ಒಮ್ಮೆ ನೋಡಿದ್ದನ್ನು ಇನ್ನೊಮ್ಮೆ ನೋಡುತ್ತಾರೆ. ಎಲ್ಲವೂ ನಿಜ. ಗಾಜಿನ ಕೋಣೆಯಲ್ಲಿ ಅರವಿಂದ ಪೂರ್ತಿ ಕೇಳಿಸಿಕೊಂಡು, ಮೇಜಿನ ಮೇಲೆ ಬಿದ್ದಿದ್ದ ನೀರಿನ ಹನಿಯನ್ನು ಅಂಗಿಯ ತೋಳಿನಿಂದ ಒರೆಸಿ, 'ಪಾಪ, ನಿಮಗೂ ಕಷ್ಟ' ಎಂದಿದ್ದರು. ಇದು ಮೇಲಿನವರ ನಿರ್ಧಾರ ಎಂದು ಸಿದ್ಧಾರೂಢ ಹೇಳಿರಲಿಲ್ಲ. ಅಲ್ಲ ಎಂದೂ ಹೇಳಿರಲಿಲ್ಲ.

ಸ್ನಾನ ಮುಗಿಸಿ, ನಿಯಮದಂತೆ ಕರಿ ಅಂಗಿ, ಕರಿ ಪ್ಯಾಂಟು, ಕರಿ ಕಾಲುಚೀಲ ಹಾಕಿಕೊಂಡು ಬಂದ ಮಗನನ್ನು ನೋಡಿ ನೀಲವ್ವ ಕೈಯಲ್ಲಿದ್ದ ಚಹದ ಕಪ್ಪು ಕೆಳಗಿಟ್ಟಳು. ಹುಬ್ಬಳ್ಳಿಯಿಂದ ಬಂದು ಇಲ್ಲೇ ನೆಲೆಯಾಗಿ ವರ್ಷಗಳಾಗಿದ್ದರೂ ಇವನ ಆರ್ಕೆಸ್ಟ್ರಾ ನೋಡಲು ಅವಳು ಹೊರಟಿದ್ದು ಇದೇ ಮೊದಲು. ಸೊಸೆಗೆ ಆಸ್ಪತ್ರೆಯ ಡ್ಯೂಟಿ ಇದ್ದದ್ದರಿಂದ ಮೊಮ್ಮಗಳು ಜೊತೆಗಿರಬೇಕೆಂದು ಠರಾವಾಗಿತ್ತು; ಶಿವಾನಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಅದಕ್ಕೆ ಒಪ್ಪಿದ್ದಳು. ಶುಭದ ದಿವಸ ಮೈತುಂಬ ಕರೀದು ಯಾಕೆಂದು ನೀಲವ್ವ ಕೇಳಿದಳು. ಎಲ್ಲರೂ ಒಂದೇ ಥರ ಕಾಣಲಿ ಎಂದು, ಎಂದ ಸಿದ್ಧಾರೂಢ. ಹಾಗಾದರೆ ನಿನ್ನನ್ನು ನಾನು ಹೇಗೆ ಗುರುತು ಹಿಡಿಯಲಿ ಎಂದಳು. ಕೊನೆಗೆ ಕೂತಿರುತ್ತೇನೆ, ಕಂಡಕ್ಟರಿನ ಬಲಗಡೆ, ಎಂದ.

'ಕಂಡಕ್ಟರ ಅಂದ್ರ ಟಿಕೀಟ ಹರಿಯಾಂವೇನ?'

'ಅಲ್ಲಬೇ. ಎಲ್ಲಾರಿಗೂ ಕೈ ಮಾಡಿ ತೋರಸ್ತಾರ. ಹೆಣ್ಮಗಳು.'

'ಅಕಿ ಏನ ಬಾರಸ್ತಾಳ?'

'ಏನೂ ಬಾರಸೂದಿಲ್ಲ.'

'ಏನೂ ಬಾರಸಲಾರದಕಿ ಎಲ್ಲಾರಕಿಂತ ಮುಂದ ನಿಂದರ್ತಾಳ?'

ಏನೂ ಬಾರಿಸದವರು ಎಲ್ಲರಿಗಿಂತ ಹಿಂದೆಯೂ ಕೂರಬಹುದೆಂದು ಈಗಲೇ ಹೇಳಿಬಿಟ್ಟರೆ ಹೇಗೆ ಎಂದು ಸಿದ್ಧಾರೂಢನಿಗೆ ಒಂದು ಕ್ಷಣ ಅನ್ನಿಸಿತು. ಆದರೆ ಅವ್ವ ಆಗಲೇ ಇಳಕಲ್ ಸೀರೆ ತೆಗೆದಿಟ್ಟಿದ್ದಳು.

ಸಭಾಂಗಣ ಮುಕ್ಕಾಲು ತುಂಬಿತ್ತು. ವೇದಿಕೆಗೆ ಬಂದು ಕೂತು ಶ್ರುತಿ ಮಾಡಿಕೊಳ್ಳುವಾಗ ಸಿದ್ಧಾರೂಢ ಸಭೆಯತ್ತ ನೋಡಬಾರದೆಂದುಕೊಂಡು ನೋಡಿದ. ಅವ್ವನ ಸೀರೆ ಕಂಡಿತು. ಅವಳ ಹಿಂದಿನ ಸಾಲಿನಲ್ಲಿ ಅರವಿಂದ ಮತ್ತು ಅವರ ಹೆಂಡತಿ ವಸುಧಾ. ಅರವಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಆಡಿಟಿನವರು ಬರುವ ದಿನ ಕೂರುತ್ತಿದ್ದಂತೆ ನೆಟ್ಟಗೆ ಕೂತಿದ್ದರು. ಬರುವುದಿಲ್ಲವೆಂದು ಸಿದ್ಧಾರೂಢ ಗಟ್ಟಿಯಾಗಿ ನಂಬಿದ್ದ. ಬರದಿದ್ದರೆ ಅವರ ಮೇಲೆ ಸ್ವಲ್ಪ ಸಿಟ್ಟಾಗಬಹುದೆಂದೂ, ಆಗ ತನಗೆ ಒಂದಿಷ್ಟು ಹಗುರಾಗಬಹುದೆಂದೂ ಲೆಕ್ಕ ಹಾಕಿದ್ದ. ಸ್ಯಾನ್ ಫ್ರಾನ್ಸಿಸ್ಕೋದಿಂದ ಕರೆಸಿದ್ದ ವಿಯೋಲಾದ ಹುಡುಗಿ ಬಂದು ನಿಂತು ನಮಸ್ಕರಿಸಿದಳು. ಕಂಡಕ್ಟರ್ ಕೈ ಎತ್ತಿದಳು. ಸಿದ್ಧಾರೂಢ ಕಮಾನನ್ನು ತಂತಿಯಿಂದ ಒಂದು ಬೆರಳಿನಷ್ಟು ಮೇಲೆ ಹಿಡಿದ.

ನುಡಿಸದೆ ಇರುವುದು ನುಡಿಸುವುದಕ್ಕಿಂತ ಕಷ್ಟದ ಕೆಲಸ. ತಂತಿಯ ಆಸರೆಯಿಲ್ಲದ ಕಮಾನು ನಡುಗುತ್ತದೆ. ನಡುಗಿದರೆ ಸಭೆಗೆ ಕಾಣುತ್ತದೆ. ಮುಂದಿನ ಸ್ಟ್ಯಾಂಡಿನ ಮುದುಕಿಯ ಮೊಣಕೈಯ ಮೇಲೆ ಕಣ್ಣಿಟ್ಟು, ಅದು ಹೋದಲ್ಲಿಗೆ ತನ್ನ ಮೊಣಕೈಯನ್ನೂ ಕಳಿಸುತ್ತ ಹೋದ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ನಡೆಯತೊಡಗಿದ ಮೇಲೆ ಕಿವಿಗೆ ಬಿಡುವಾಯಿತು, ಆಗ ಅವನು ಆ ಕನ್ಸರ್ಟೊವನ್ನು ಒಳಗಿನಿಂದ ಮೊದಲ ಸಲ ಕೇಳಿದ. ರಿಹರ್ಸಲಿನಲ್ಲಿ ಪ್ರತಿ ಸಲವೂ ಮಧ್ಯೆ ತನ್ನ ದನಿಯೇ ಅಡ್ಡ ನಿಂತಿರುತ್ತಿತ್ತು. ಈಗ ಹುಡುಗಿಯ ವಿಯೋಲಾ, ಮನೆಯವರೆಲ್ಲ ಮಲಗಿದ್ದಾರೆಂದು ದನಿ ತಗ್ಗಿಸಿದವರ ಹಾಗೆ, ಒಂದು ಉದ್ದದ ವಾಕ್ಯ ಹೇಳಿತು. ಶುದ್ಧ ಗಂಧಾರ ಬರುತ್ತದೆ ಅನ್ನುವಷ್ಟರಲ್ಲಿ ಪಕ್ಕದಲ್ಲೆಲ್ಲೋ ಕೋಮಲ ಗಂಧಾರ ಎದ್ದು ಅದನ್ನು ಉಜ್ಜಿತು. ಜೋಗ್ ರಾಗದಲ್ಲೂ ಎರಡೂ ಬರುತ್ತವೆ, ಹುಬ್ಬಳ್ಳಿಯಲ್ಲಿ ಚಿಕ್ಕವನಿದ್ದಾಗ ಪಕ್ಕದ ಮನೆಯಿಂದ ಕೇಳಿದ್ದು ನೆನಪಿತ್ತು, ಆದರೆ ಅಲ್ಲಿ ಒಂದು ಹೋದ ಮೇಲೆ ಇನ್ನೊಂದು. ಇಲ್ಲಿ ಎರಡೂ ಒಂದೇ ಬಾಗಿಲಲ್ಲಿ ನಿಂತು, ಯಾವುದೂ ದಾರಿ ಬಿಡದೆ. ಹಿಂದೆ ನಾಲ್ಕೇ ವಿಯೋಲಾ ಸಣ್ಣಗೆ, ಒಂದೇ ಎಳೆಯಾಗಿ ಕೇಳಿಸುತ್ತಿದ್ದವು. ಕಂಡಕ್ಟರ್ ಹೇಳಿದ್ದು ಸರಿಯಿತ್ತು. ತಾನಿಲ್ಲದೆ ಅದು ಚೆನ್ನಾಗಿತ್ತು. ಸುಮ್ಮನೆ ಅವಮಾನ ಮಾಡಿದ್ದರೆ ಸಿಟ್ಟಾದರೂ ಆಗಬಹುದಿತ್ತು, ಇದು ಅದಕ್ಕೂ ದಾರಿಯಿಲ್ಲದ ಅವಮಾನ. ಅರವಿಂದರ ಮೇಜಿನ ಕೆಲಸವನ್ನು ಉಳಿದವರಿಗೆ ಹಂಚಿ ಆಗಿತ್ತು. ಅದೂ ನಡೆಯುತ್ತಿತ್ತು.

ಎರಡನೆಯ ಭಾಗ ಓಟದ್ದು, ಅವನಿಂದ ಹೇಗೂ ನುಡಿಸಲಾಗುತ್ತಿರಲಿಲ್ಲ. ರಿಹರ್ಸಲಿನಲ್ಲೂ ಅರ್ಧಕ್ಕರ್ಧ ಗಾಳಿಯಲ್ಲೇ ಆಡಿಸುತ್ತಿದ್ದ. ಮೂರನೆಯದು ಬಸೂನೆಂಬ ಊದುವ ವಾದ್ಯದಿಂದ ಶುರುವಾಯಿತು, ಮೋಟು ಕಾಲಿನವರು ಗತ್ತಿನಿಂದ ನಡೆದ ಹಾಗೆ. ಕೊನೆಕೊನೆಗೆ ಎಲ್ಲರ ಗದ್ದಲ ತಗ್ಗಿ, ಆ ಬಸೂನಿನ ಧಾಟಿ ಕೆಳಗೆ ಉಳಿದು, ಅದರ ಮೇಲೆ ಮೊದಲ ಭಾಗದ ಉದ್ದದ ವಾಕ್ಯ ಮರಳಿ ಬರುತ್ತದೆ. ಹುಡುಗಿ ಕಣ್ಣು ಮುಚ್ಚಿದ್ದಳು. ಆಗ ಸಿದ್ಧಾರೂಢನ ಕಮಾನು ತಂತಿಯ ಮೇಲೆ ಇಳಿಯಿತು. ಹಟವಿಲ್ಲ, ಧೈರ್ಯವೂ ಇಲ್ಲ. ಡೈರೆಕ್ಟರಿನ ಮುಂದೆ ಹೆಸರು ಬಂದದ್ದೂ ಹೀಗೆಯೇ, ಯೋಚನೆಗಿಂತ ಮುಂಚೆ. ಇಳಿದ ಮೇಲೆ ಎತ್ತಲಾಗಲಿಲ್ಲ. ಈಗ ಅಪಸ್ವರವಾಗುತ್ತದೆ, ಈಗ ಹುಡುಗಿ ಕಣ್ಣು ತೆರೆಯುತ್ತಾಳೆ, ಈಗ ಕಂಡಕ್ಟರ್ ಈ ಕಡೆ ನೋಡುತ್ತಾಳೆ ಎಂದು ಕಾಯುತ್ತ, ಹಾಳೆಯಲ್ಲಿದ್ದ ಪ್ರತಿಯೊಂದು ಸ್ವರವನ್ನೂ ಕೊನೆಯವರೆಗೆ ನುಡಿಸಿದ. ತನ್ನದು ಯಾವುದು, ಮುದುಕಿಯದು ಯಾವುದು, ಅವನಿಗೇ ಗೊತ್ತಾಗಲಿಲ್ಲ. ಎರಡೂ ಗಂಧಾರಗಳು ಹಾಗೆಯೇ ಬಗೆಹರಿಯದೆ ಆರಿದವು. ಕಂಡಕ್ಟರಿನ ಕೈ ಕೆಳಗಿಳಿದ ಮೇಲೆ ಚಪ್ಪಾಳೆ.

ವೇದಿಕೆಯ ಹಿಂದೆ ಆಕೆ ಎಲ್ಲರನ್ನೂ ದಾಟಿಕೊಂಡು ನೇರ ಅವನ ಹತ್ತಿರವೇ ಬಂದಳು. ಅವನು ಕ್ಷಮೆಯ ವಾಕ್ಯವನ್ನು ನಾಲಿಗೆಯ ತುದಿಗೆ ತಂದುಕೊಂಡ. ಆಕೆ ಅವನ ಎರಡೂ ಕೈ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, ಸುಮ್ಮನಿರುವುದು ಎಷ್ಟು ಕಷ್ಟವೆಂದು ತನಗೆ ಗೊತ್ತೆಂದೂ, ಆ ಕೊನೆಯ ಪುಟ ಅಷ್ಟು ತಿಳಿಯಾಗಿ ಬಂದದ್ದು ಅವನ ದೊಡ್ಡಗುಣದಿಂದಲೆಂದೂ ಹೇಳಿದಳು. ಹಲ್ಲಿನ ಡಾಕ್ಟರು ಪಕ್ಕದಲ್ಲೇ ನಿಂತಿದ್ದ, ಬೆನ್ನು ತಟ್ಟಿದ. ಸಿದ್ಧಾರೂಢ 'ಪರವಾಗಿಲ್ಲ' ಎಂದ. ಆಮೇಲೆ ಯಾವಾಗಲೋ, ವಿಯೋಲಾ ಒರೆಸುತ್ತಿದ್ದಾಗ, ನಗುವಿನಂಥದ್ದೊಂದು ಬಂತು.

ಇಂಟರ್ವಲ್ಲಿನ ನಂತರದ ಸಿಂಫನಿ ಮುಗಿಸಿ ಹೊರಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು. ಆ ಹುಡುಗಿ ಚೆಂದ ಬಾರಿಸಿದಳು, ನಿಂದು ಮಾತ್ರ ಕೇಳಿಸಲಿಲ್ಲ, ಹಸಿವಾಗಿದೆ ಎಂದಳು. ಪಾರ್ಕಿಂಗ್ ಲಾಟಿನಲ್ಲಿ ಅರವಿಂದರ ಕಾರಿನ ಬಾನೆಟ್ಟು ಎದ್ದಿತ್ತು. ಬ್ಯಾಟರಿ ಸತ್ತಿತ್ತು, ಕೇಬಲ್ಲು ಹಚ್ಚಿ ನೋಡಿದರೂ ಜೀವ ಬರಲಿಲ್ಲ. ವಸುಧಾ ನೀಲವ್ವನ ಜೊತೆ ಮಾತಾಡುತ್ತ ಅತ್ತ ನಿಂತಿದ್ದರು. ನಿಮ್ಮ ಫಾಸ್ಟರ್ ಸಿಟಿ ಇಲ್ಲೇ ಇದೆಯಲ್ಲ, ನಾನು ಬಿಟ್ಟು ಬರುತ್ತೇನೆ, ಕಾರನ್ನು ನಾಳೆ ನೋಡಿಕೊಳ್ಳಿ ಎಂದು ಸಿದ್ಧಾರೂಢ ಹೇಳಿದ. ಅರವಿಂದ ಬಾನೆಟ್ಟಿನೊಳಗೆ ಬಗ್ಗಿಕೊಂಡೇ, ಬ್ಯಾಟರಿಗೆ ವಯಸ್ಸಾಗಿದೆ ಎನ್ನುವ ದನಿಯಲ್ಲೇ ಹೇಳಿದರು:

'ನನ್ನ ಹೆಸರು ಕೊಟ್ಟಿದ್ದು ನೀವೇ ಅಂತ ಗೊತ್ತು ಸಿದ್ಧು. ಡೈರೆಕ್ಟ್ರೇ ಹೇಳಿದ್ರು, ಹೋಗೋ ದಿನ.'

ಸಿದ್ಧಾರೂಢ ಕೇಬಲ್ಲನ್ನು ಸುತ್ತುತ್ತಿದ್ದ. ಸುತ್ತುವುದನ್ನು ನಿಲ್ಲಿಸಲಿಲ್ಲ. 'ಮತ್ತೆ ಯಾಕೆ ಬಂದ್ರಿ?' ಎಂದ.

'ವಸುಧಾ ಆಸೆಪಟ್ಟಿದ್ಲು. ಅವಳಿಗೆ ನಾನು ಬೇರೆ ಥರ ಹೇಳಿದೀನಿ. ನೀವು ನನ್ನ ಪರ ತುಂಬಾ ಮಾತಾಡಿದ್ರಿ, ಆದ್ರೂ ಆಗ್ಲಿಲ್ಲ ಅಂತ. ಅವಳಿಗೂ ಯಾರೋ ಒಬ್ರು ಒಳ್ಳೆಯೋರು ಇದ್ರು ಅನ್ನಿಸ್ಲಿ. ಅದನ್ನ ಹಾಗೇ ಬಿಡಿ.' ಬಾನೆಟ್ಟು ಮುಚ್ಚಿ, ಮುಚ್ಚಿತೋ ಇಲ್ಲವೋ ಎಂದು ಇನ್ನೊಮ್ಮೆ ಒತ್ತಿ ನೋಡಿದರು.

ನೀಲವ್ವ ಮುಂದೆ, ಹಿಂದೆ ಶಿವಾನಿಯೂ ಸೇರಿ ಮೂವರು. ವಿಯೋಲಾದ ಪೆಟ್ಟಿಗೆಗೆ ಜಾಗವಿರಲಿಲ್ಲ; ಡಿಕ್ಕಿಯಲ್ಲಿ ಅವ್ವನ ಗಾಲಿಕುರ್ಚಿಯಿತ್ತು, ಅವಳು ಒಲ್ಲೆನೆಂದರೂ ತಂದದ್ದು. ಅರವಿಂದ ಪೆಟ್ಟಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದರು. ತೊಂಬತ್ತೆರಡನೆಯ ಹೆದ್ದಾರಿಯ ಮೇಲೆ ಟ್ರಾಫಿಕ್ಕಿರಲಿಲ್ಲ. ಬೆನ್ನ ಹಿಂದಿನ ಇಳಿಬಿಸಿಲು ಕನ್ನಡಿಯಿಂದ ಕಣ್ಣಿಗೆ ಬರುತ್ತಿತ್ತು. ವಸುಧಾ ಸಂಗೀತ ಎಷ್ಟು ಚೆನ್ನಾಗಿತ್ತೆಂದು ಹೇಳಿದರು. ಕೊನೆಯಲ್ಲಿ ಅಳು ಬಂತೆಂದರು. ಮನೆಯ ಹತ್ತಿರದ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಮುಂದಕ್ಕೆ ಬಾಗಿದರು.

'ಸಿದ್ಧು ಅವರೇ, ನಿಮಗೊಂದು ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ. ಇವರಿಗೋಸ್ಕರ ನೀವು ಎಷ್ಟು ಜಗಳ ಆಡಿದ್ರಿ ಅಂತ ಇವ್ರು ಹೇಳಿದ್ರು.'

ಕನ್ನಡಿಯಲ್ಲಿ ಅರವಿಂದರ ಕಣ್ಣು ಇವನ ಕಣ್ಣನ್ನು ಒಂದು ಸಲ ಮುಟ್ಟಿ ಹೊರಗೆ ಹೋಯಿತು. ಸಿದ್ಧಾರೂಢನಿಗೆ ಮಾಡಬೇಕಾದದ್ದೇನೂ ಇರಲಿಲ್ಲ. ಪರವಾಗಿಲ್ಲ ಎಂದರೆ ಸಾಕಿತ್ತು; ಮಧ್ಯಾಹ್ನ ಅಂದದ್ದೇ.

'ಯಾರ ಕೂಡ ಜಗಳಾ?' ಎಂದಳು ನೀಲವ್ವ.

'ಜಗಳಾ ಆಡಿಲ್ಲಬೇ' ಎಂದ ಸಿದ್ಧಾರೂಢ. ದನಿ ತನ್ನದೇ ಎಂದು ಈ ಸಲ ಸ್ಪಷ್ಟವಾಗಿ ಗೊತ್ತಾಯಿತು. 'ನಮ್ಮ ಆಫೀಸಿನ್ಯಾಗ ಒಬ್ಬರನ್ನ ತಗೀಬೇಕಾಗಿತ್ತು. ಇವರ ಹೆಸರ ನಾನ ಕೊಟ್ಟೆ.'

ವಸುಧಾ ಹಿಂದಕ್ಕೆ ಒರಗಿದರೋ ಇಲ್ಲವೋ ಅವನು ನೋಡಲಿಲ್ಲ. ಸಿಗ್ನಲ್ಲು ಹಸಿರಾಯಿತು. ಅರವಿಂದ 'ಲೆಫ್ಟು' ಎಂದರು. ತಿರುಗಿಸಿದ. ಲಗೂನಿನ ನೀರಿನ ಪಕ್ಕದ ರಸ್ತೆಯಲ್ಲಿ ಸ್ವಲ್ಪ ದೂರ ಹೋದ ಮೇಲೆ ವಸುಧಾ ಇಲ್ಲೇ ನಿಲ್ಲಿಸಿ ಎಂದರು. ಮನೆ ಇನ್ನೂ ಮುಂದಿತ್ತು. ನಿಲ್ಲಿಸಿದ. ಅವರು ಇಳಿದು, ನೀಲವ್ವನಿಗೆ ಮಾತ್ರ ಕೈಮುಗಿದು, ಯಾರನ್ನೂ ಕಾಯದೆ ನಡೆದುಬಿಟ್ಟರು. ಅರವಿಂದ ಇಳಿದವರು, ತಾವು ಕೂತಿದ್ದ ಜಾಗದಲ್ಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಬೆಲ್ಟನ್ನು ಎಳೆದು ಅದಕ್ಕೆ ಕಟ್ಟಿದರು. 'ಬಿಡಿ ಅಂದಿದ್ದೆ' ಎಂದರು. ಸಿಟ್ಟಿನಿಂದಲ್ಲ, ದಣಿದಿದ್ದರು. ಬಾಗಿಲನ್ನು ಸದ್ದಾಗದಂತೆ ಹಾಕಿ, ಹೆಂಡತಿಯ ಹಿಂದೆ ಹೋದರು. ವಸುಧಾ ಹಿಂತಿರುಗಿ ನೋಡದೆ ನಡಿಗೆಯನ್ನು ಚುರುಕು ಮಾಡಿದ್ದು, ಅರವಿಂದ ಹತ್ತಿರವಾಗಲು ಆತುರ ಮಾಡದಿದ್ದದ್ದು ಇಲ್ಲಿಂದಲೇ ಕಾಣುತ್ತಿತ್ತು.

'ಯಾಕ?' ಎಂದಳು ನೀಲವ್ವ.

ಅವಳು ಸೀಟಿನಲ್ಲಿ ಪೂರ್ತಿ ಅವನ ಕಡೆಗೆ ತಿರುಗಿ ಕೂತಿದ್ದಳು. ಸಿದ್ಧಾರೂಢ ಕಾರಣಗಳಿಗಾಗಿ ಕೈ ಹಾಕಿದ. ಅವೆಲ್ಲ ಇದ್ದ ಜಾಗದಲ್ಲೇ ಇದ್ದವು, ಒಂದೂ ಕಳೆದಿರಲಿಲ್ಲ. ಒಂದೊಂದಾಗಿ ಎತ್ತಿ ಅವ್ವನ ಮುಂದೆ ಇಡಲು ನೋಡಿದರೆ ಹುಬ್ಬಳ್ಳಿಯ ಮಾತಿನಲ್ಲಿ ಒಂದೂ ನಿಲ್ಲುತ್ತಿರಲಿಲ್ಲ. ನಿಧಾನ ಇದ್ದರು ಎಂದರೆ, ಆದರೇನಾಯಿತು ಎನ್ನುತ್ತಾಳೆ.

'ಅದನ್ನ ಕನ್ನಡದಾಗ ಹೇಳಾಕ ಬರೂದಿಲ್ಲಬೇ' ಎಂದ.

'ಇಂಗ್ಲೀಷಿನ್ಯಾಗ ಹೇಳು' ಎಂದಳು ಅವಳು, ಹಿಂದಿನ ಸೀಟಿನತ್ತ ಗದ್ದ ಎತ್ತಿ. 'ಇಕಿ ನನಗ ತಿಳಿಸಿ ಹೇಳ್ತಾಳ.'

ಶಿವಾನಿ ಎರಡೂ ಕಿವಿಯ ಇಯರ್‌ಫೋನು ತೆಗೆದು, ಅಂಗೈಯಲ್ಲಿ ಮುಚ್ಚಿಕೊಂಡು, ಅಪ್ಪನ ಮಾತಿಗೆ ಕಾದಳು.